ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ಕಿಡ್ನಿ ಕಲ್ಲು ತೆಗೆಸಿಕೊಂಡು ಮನೆಗೆ ಹೋದವರ ಬಗ್ಗೆ

ಮಾನ್ಯ ಸಚಿವರೇ,

ಕಿಡ್ನಿಯಲ್ಲಿ ದೊಡ್ಡ ಕಲ್ಲಿದ್ದರೆ ಈಗ ಪಕ್ಕೆಯನ್ನು ಉದ್ದಕ್ಕೆ ಕೊಯ್ಯುವುದು ಅಪರೂಪ. ಬೆನ್ನಿನ ಬದಿಯಲ್ಲಿ ಸಣ್ಣ ತೂತು ಮಾಡಿ, ಕೊಳವೆ ತೂರಿಸಿ, ಕಲ್ಲು ಪುಡಿ ಮಾಡಿ ತೆಗೆಯುತ್ತಾರೆ. ಪಿಸಿಎನ್‌ಎಲ್ ಅಂತಾರೆ. 1976ರಲ್ಲಿ ಸ್ವೀಡನ್ನಿನ ವೈದ್ಯರು ಪ್ರಕಟಿಸಿದ ಈ ವಿಧಾನ ಒಳ್ಳೆಯದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ಚಿಂತೆ ರೋಗಿ ಮನೆಗೆ ಹೋದ ಮೇಲಿನ ಎರಡು ಮೂರು ವಾರಗಳದ್ದು.

ಹೃದಯ ತಳ್ಳುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಕಿಡ್ನಿಗಳಿಗೇ ಹೋಗುತ್ತದೆ. ಅಂಥ ಜಾಗದಲ್ಲಿ ಸೂಜಿ ದಾರಿ ಮಾಡಿಕೊಳ್ಳಬೇಕು. ಎಷ್ಟೇ ಪಳಗಿದ ಕೈಯಾದರೂ ಒಂದು ಸಣ್ಣ ಅಪಧಮನಿಗೆ ಪೆಟ್ಟಾಗಬಹುದು. ರಕ್ತ ಹೆಪ್ಪುಗಟ್ಟಿ ಗಾಯ ಮುಚ್ಚಿದಂತೆ ಕಾಣುತ್ತದೆ. ಒಳಗೆ ಮಾತ್ರ ಅದರ ಪಕ್ಕದಲ್ಲಿ ರಕ್ತದ ಗುಳ್ಳೆಯೊಂದು ಬೆಳೆಯುತ್ತಿರಬಹುದು. ಇದೇ ಸ್ಯೂಡೋಅನ್ಯೂರಿಸಂ. ಕೆಲವರಲ್ಲಿ ಅಪಧಮನಿ ನೇರ ಅಭಿಧಮನಿಗೇ ಕೂಡಿಕೊಳ್ಳುತ್ತದೆ. ರಕ್ತನಾಳ ಮುಚ್ಚುವ ಚಿಕಿತ್ಸೆ ಬೇಕಾಗುವಷ್ಟು ರಕ್ತಸ್ರಾವ ಆಗುವುದು ನೂರರಲ್ಲಿ ಒಬ್ಬರ ಆಸುಪಾಸು.

ಯುರಾಲಜಿ ವಾರ್ಡಿನಲ್ಲಿ ಕೆಲಸ ಮಾಡುವ ನನಗೆ ಆ ಒಬ್ಬರ ಮುಖ ಮರೆಯುವುದಿಲ್ಲ. ಡಿಸ್ಚಾರ್ಜ್ ದಿನ ಮೂತ್ರ ತಿಳಿಯಾಗಿರುತ್ತದೆ. ಎರಡನೇ ವಾರ ಇದ್ದಕ್ಕಿದ್ದಂತೆ ಕಡುಗೆಂಪು. ಹೆಪ್ಪುಗಟ್ಟಿದ ರಕ್ತದ ಗಡ್ಡೆಗಳು ಅಡ್ಡ ಬಂದು ಮೂತ್ರ ಕಟ್ಟುತ್ತದೆ, ತಲೆ ಸುತ್ತುತ್ತದೆ. ಮೊದಲ ಕೆಲವು ದಿನ ತಿಳಿ ಗುಲಾಬಿ ಬಣ್ಣ ಸಹಜ, ಅದನ್ನು ನಾವೇ ಹೇಳಿರುತ್ತೇವೆ. ಹಾಗಾಗಿ ಇದೂ ಅದೇ ಅಂದುಕೊಂಡು ಸುಮ್ನೆ ನೀರು ಕುಡಿಯುತ್ತಾ ಕೂರುತ್ತಾರೆ. ತಪ್ಪು ಅವರದ್ದಲ್ಲ, ಅಲ್ವಾ? ಯಾರೂ ಬಿಡಿಸಿ ಹೇಳಿಲ್ಲ.

ಚಿಕಿತ್ಸೆ ಇದೆ. ತೊಡೆಸಂದಿಯ ರಕ್ತನಾಳದಿಂದ ತೆಳು ಕೊಳವೆ ಕಳಿಸಿ, ಸೋರುವ ಕವಲಿಗೆ ಮಾತ್ರ ಲೋಹದ ಸುರುಳಿ ಇಟ್ಟು ಮುಚ್ಚುತ್ತಾರೆ. ಬಹುಪಾಲು ಕಿಡ್ನಿ ಉಳಿಯುತ್ತದೆ. ಆದರೆ ಈ ಸೌಲಭ್ಯ ಎಲ್ಲ ಆಸ್ಪತ್ರೆಯಲ್ಲೂ ಇಲ್ಲ. ಎಲ್ಲಿದೆ ಅಂತ ರಾತ್ರಿ ಹೊತ್ತು ಫೋನ್ ಮಾಡಿ ಹುಡುಕುವಾಗ ರಕ್ತ ಹೋಗುತ್ತಲೇ ಇರುತ್ತದೆ.

ಹಾಗಾಗಿ ಕೇಳುತ್ತಿದ್ದೇನೆ. ಪಿಸಿಎನ್‌ಎಲ್ ಮಾಡುವ ಪ್ರತಿ ಆಸ್ಪತ್ರೆಯೂ, ಸುರುಳಿ ಹಾಕುವ ಕೇಂದ್ರವೊಂದರ ಜೊತೆ ಮೊದಲೇ ಒಪ್ಪಂದ ಮಾಡಿಕೊಂಡಿರಬೇಕು ಅಂತ ನಿಯಮ ತನ್ನಿ. ಡಿಸ್ಚಾರ್ಜ್ ಚೀಟಿಯಲ್ಲಿ ರೋಗಿ ಓದಬಲ್ಲ ಭಾಷೆಯಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ: ಮೂತ್ರ ಕಡುಗೆಂಪಾದರೆ, ಗಡ್ಡೆ ಬಂದರೆ, ತಲೆ ಸುತ್ತಿದರೆ ತಕ್ಷಣ ಬನ್ನಿ. ರಕ್ತ ತೆಳು ಮಾಡುವ ಮಾತ್ರೆ ಮತ್ತೆ ಯಾವಾಗ ಶುರು ಮಾಡಬೇಕು ಅನ್ನುವುದೂ ಅಲ್ಲೇ ಇರಲಿ. ರಾತ್ರಿಯೂ ಯಾರಾದರೂ ಎತ್ತುವ ಒಂದು ಫೋನ್ ನಂಬರ್ ಇರಲಿ.

ಇಂತಿ,
ಯುರಾಲಜಿ ವಾರ್ಡಿನ ಒಬ್ಬ ನರ್ಸ್