ಬೆಳಗಾಗುವ ತನಕ ಕೂತವರಿಗೆ

ಪ್ರೀತಿಯ ಎಲ್ಲರಿಗೂ ವಂದನೆಗಳು.

ಕಳೆದ ಭಾನುವಾರ ನಮ್ಮ ಯಜಮಾನರು ಆರಾಧನೆಯಲ್ಲಿ ಹಳೇ ಒಡಂಬಡಿಕೆಯ ಪಾಠ ಓದಿದರು. 11 ತಿಂಗಳ ಮೇಲೆ ಮೊದಲ ಸಲ. ಬೆಂಚುಗಳ ತುದಿ ಹಿಡಿದು ಹಿಡಿದು ಮುಂದೆ ಹೋದರು. ಮೊದಲ ಎರಡು ವಚನ ಓದುವಾಗ ಧ್ವನಿ ನಡುಗಿತು, ಆಮೇಲೆ ಸರಿಹೋಯಿತು. ಎಷ್ಟೋ ಜನ ಕಣ್ಣೊರೆಸಿಕೊಂಡರಂತೆ. ನನಗೆ ತಲೆ ಎತ್ತಿ ನೋಡಲು ಆಗಲಿಲ್ಲ.

ಕಾಯಿಲೆಯ ಕಥೆ ನಿಮಗೆಲ್ಲ ಗೊತ್ತೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ. ನೆನೆಯಬೇಕಾದವರನ್ನು ನೆನೆಯುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ವಾರಕ್ಕೆ ಎರಡು ಸಲ ತಪ್ಪದೆ ಬಂದ ನಮ್ಮ ಸಭೆಯ ಪಾಲಕ ಅಯ್ಯನವರಿಗೆ, ಬುತ್ತಿ ಕಟ್ಟಿ ಕಳಿಸಿದ ಅನ್ಯೋನ್ಯ ಕೂಟದ ಅಕ್ಕಂದಿರಿಗೆ, ರಕ್ತ ಕೊಟ್ಟ ಯುವಜನರಿಗೆ, ಮಕ್ಕಳಿಬ್ಬರನ್ನೂ ತಮ್ಮ ಮಕ್ಕಳ ಜೊತೆಗೇ ಮಲಗಿಸಿಕೊಂಡ ಪಕ್ಕದ ಮನೆಯ ಭಾಭಿಗೆ, ಕೇಳುವ ಮೊದಲೇ ದುಡ್ಡು ಹಾಕಿದ ಯಜಮಾನರ ಜೊತೆ ಕೆಲಸದವರಿಗೆ, ರಾತ್ರಿ ಪಾಳಿಯ ನರ್ಸಮ್ಮಂದಿರಿಗೆ ನಮ್ಮ ಮನೆಯವರೆಲ್ಲರ ಕೃತಜ್ಞತೆ. ಆ ದಿನಗಳಲ್ಲಿ ನನಗೆ ನಾನೊಬ್ಬಳೇ ಅನಿಸುತ್ತಿತ್ತು. ಬೈಬಲಿನ ಪ್ರವಾದಿ ಎಲೀಯನಿಗೂ ಹಾಗೇ ಅನಿಸಿತ್ತಲ್ವಾ? ನಾನೊಬ್ಬನೇ ಉಳಿದಿದ್ದೇನೆ ಅಂತ ಅವನು ದೇವರ ಮುಂದೆ ಅತ್ತ. ಇನ್ನೂ 7000 ಜನ ಇದ್ದಾರೆ ಅಂತ ದೇವರು ಹೇಳಿದ. ಎಲೀಯ ಸುಳ್ಳು ಹೇಳಿರಲಿಲ್ಲ. ಅವನಿಗೆ ಅನಿಸಿದ್ದನ್ನೇ ಹೇಳಿದ್ದ. ಆದರೆ ಇದ್ದದ್ದು ಬೇರೆ. ನಿಮ್ಮನ್ನೆಲ್ಲ ಈಗ ಒಬ್ಬೊಬ್ಬರನ್ನಾಗಿ ಎಣಿಸುವಾಗ ನನಗೆ ಅದು ಅರ್ಥವಾಗುತ್ತಿದೆ.

ಇನ್ನು ಒಬ್ಬರ ಬಗ್ಗೆ ಜಾಸ್ತಿ ಬರೆಯಬೇಕು. ಬೇರೆಯವರು ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಸಭೆಯ ಟೀಚರಮ್ಮನನ್ನು ಬೆಟಗೇರಿಯಲ್ಲಿ ಅರಿಯದವರಿಲ್ಲ. ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನಮ್ಮ ಯಜಮಾನರಿಗೂ ಸಂಡೇ ಸ್ಕೂಲಿನಲ್ಲಿ ಅವರೇ ಕಲಿಸಿದ್ದು. ಈಗ 71 ವರ್ಷ. ನಮ್ಮ ಯಜಮಾನರು ಹುಬ್ಬಳ್ಳಿಯ ಆಸ್ಪತ್ರೆಯ ಐಸಿಯುನಲ್ಲಿದ್ದಾಗ ಒಂದು ದಿನ ಸಂಜೆ ಯಾರಿಗೂ ಹೇಳದೆ ಒಬ್ಬರೇ ಬಸ್ ಹತ್ತಿ ಅಲ್ಲಿಗೆ ಬಂದುಬಿಟ್ಟರು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಅದರಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. "ಮೊದಲ ಊಟ ಮಾಡು, ಆಮ್ಯಾಲ ಮಾತು" ಅಂದರು. ನಾನು ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ಆ ರಾತ್ರಿ ನಾನು ಏನು ಮಾಡಲು ಹೊರಟಿದ್ದೆ ಅನ್ನುವುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಈಗ ಹೇಳುತ್ತೇನೆ.

ಮೂರು ರಾತ್ರಿ ನಿದ್ದೆ ಇರಲಿಲ್ಲ. ಐಸಿಯು ಬಾಗಿಲ ಹೊರಗೆ ಕೂತು ದೇವರ ಹತ್ತಿರ ಒಂದು ಗುರುತು ಕೇಳಿದ್ದೆ. ರಾತ್ರಿ 12ರ ಒಳಗೆ ನರ್ಸ್ ಬಂದು ನನ್ನನ್ನು ಕರೆಯದಿದ್ದರೆ, ಇವರನ್ನು ಮನೆಗೆ ಕರೆದುಕೊಂಡು ಹೋಗು ಅಂತ ನೀನೇ ಹೇಳಿದ ಹಾಗೆ, ಸ್ವಾಮಿ. ಬೈಬಲಿನಲ್ಲಿ ಗಿದ್ಯೋನ ಉಣ್ಣೆ ಹಾಸಿ ದೇವರಿಂದ ಗುರುತು ಕೇಳಿದ ಹಾಗೆ ನಾನೂ ಕೇಳಿದೆ. 12 ಆಯಿತು. ಯಾರೂ ಕರೆಯಲಿಲ್ಲ. ಆಗ ಮನಸ್ಸಿಗೆ ಒಂದು ದೊಡ್ಡ ಸಮಾಧಾನ ಬಂತು. ಎಷ್ಟೋ ದಿನದಿಂದ ಇಲ್ಲದ ಸಮಾಧಾನ. ಎದೆ ಹಗುರಾಯಿತು. ಇದು ದೇವರ ನಡೆಸುವಿಕೆಯೇ ಅಂತ ನಂಬಿಬಿಟ್ಟೆ. ನಮ್ಮ ಜವಾಬ್ದಾರಿಯ ಮೇಲೆ ಕರೆದುಕೊಂಡು ಹೋಗುತ್ತೇವೆ ಅಂತ ಸಹಿ ಮಾಡುವುದು, ಬೆಟಗೇರಿಗೆ ಹೋಗುವುದು, ಮನೆಯಲ್ಲೇ ಪ್ರಾರ್ಥನೆ ಮಾಡುವುದು. ಎಲ್ಲ ನಿಶ್ಚಯ ಮಾಡಿಕೊಂಡೇ ಎದ್ದು ನಿಂತೆ.

ಟೀಚರಮ್ಮ ನನ್ನ ಸೆರಗು ಹಿಡಿದು ಕೂರಿಸಿದರು. ಎಲ್ಲ ಕೇಳಿಸಿಕೊಂಡರು. ನಡುವೆ ಒಂದು ಮಾತೂ ಆಡಲಿಲ್ಲ. ಕೊನೆಗೆ ಹೇಳಿದರು:

"ಗಿದ್ಯೋನಗ ದೇವರು ಏನ ಮಾಡಬೇಕಂತ ಮೊದಲ ಹೇಳಿದ್ದ ಯವ್ವಾ. ಧೈರ್ಯ ಸಾಲದ ಅಂವ ಉಣ್ಣಿ ಹಾಸಿದ. ನಿನಗ ಮನಿಗೆ ಕರಕೊಂಡ ಹೋಗು ಅಂತ ಯಾರ ಹೇಳ್ಯಾರ?"

ನನಗೆ ಸಮಾಧಾನ ಬಂದಿದೆ ಟೀಚರಮ್ಮ, ಅಂದೆ. ದೇವರಿಂದಲ್ಲದೆ ಇಂಥ ಸಮಾಧಾನ ಎಲ್ಲಿಂದ ಬರುತ್ತೆ?

"ಯೋನಗೂ ಹಡಗದಾಗ ಛಲೋ ನಿದ್ದಿ ಬಂದಿತ್ತು. ಯೇಸುಸ್ವಾಮಿಗೆ ಗೆತ್ಸೆಮನೆ ತೋಟದಾಗ ನಿದ್ದಿ ಬರಲಿಲ್ಲ. ಇಬ್ಬರೊಳಗ ದೇವರ ದಾರ್ಯಾಗ ಇದ್ದವರು ಯಾರು?"

ನಾನು ಹುಟ್ಟಿದಾಗಿನಿಂದ ಸಭೆಯಲ್ಲಿ ಬೆಳೆದವಳು. ಎರಡು ಕಥೆಯೂ ಗೊತ್ತು. ಆದರೆ ಅವೆರಡನ್ನೂ ಹೀಗೆ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಯೋನ ದೇವರಿಗೆ ಬೆನ್ನು ತಿರುಗಿಸಿ ಓಡಿ ಹೋಗುತ್ತಿದ್ದ. ಹೊರಗೆ ಬಿರುಗಾಳಿ, ನಾವಿಕರೆಲ್ಲ ಹೆದರಿ ಕೂಗುತ್ತಿದ್ದಾರೆ, ಅವನು ಹಡಗಿನ ಒಳಗೆ ಗಾಢ ನಿದ್ದೆಯಲ್ಲಿದ್ದ. ಶಿಲುಬೆಗೆ ಏರುವ ಹಿಂದಿನ ರಾತ್ರಿ ಗೆತ್ಸೆಮನೆಯಲ್ಲಿ ಕರ್ತನಾದ ಯೇಸು ತಂದೆಯ ಚಿತ್ತದಲ್ಲೇ ಇದ್ದ. ಬೆವರು ರಕ್ತದ ಹನಿಗಳ ಹಾಗೆ ನೆಲಕ್ಕೆ ಬಿತ್ತು ಅಂತ ಲೂಕ ಬರೆದಿದ್ದಾನೆ. ಮನಸ್ಸು ಹಗುರಾಗಿದೆ ಅಂದರೆ ದಾರಿ ಸರಿ ಅಂತಲ್ಲ. ಮನಸ್ಸು ಒದ್ದಾಡುತ್ತಿದೆ ಅಂದರೆ ದಾರಿ ತಪ್ಪಿದ್ದೇನೆ ಅಂತಲೂ ಅಲ್ಲ. ನಮ್ಮ ಕೂಟಗಳಲ್ಲಿ ಏನೇ ನಿರ್ಧಾರಕ್ಕೂ "ಮನಸ್ಸಿಗೆ ಸಮಾಧಾನ ಇದೆಯಾ?" ಅಂತ ಮೊದಲು ಕೇಳುತ್ತೇವೆ. ಆ ಸಮಾಧಾನ ಎಷ್ಟೋ ಸಲ ಸುಸ್ತಿನಿಂದ ಬರುತ್ತೆ. ಓಡಿ ಹೋಗಲು ಒಂದು ಬಾಗಿಲು ಸಿಕ್ಕಿತು ಅನ್ನುವುದರಿಂದ ಬರುತ್ತೆ. ನನ್ನದು ಅದೇ ಆಗಿತ್ತು.

ಆದರೆ ಆ ಹೊತ್ತಿಗೆ ನನಗೆ ಸಿಟ್ಟು ಬಂತು. ನಿಮಗೇನು ಗೊತ್ತು ಟೀಚರಮ್ಮ, ಒಳಗೆ ಮಲಗಿರುವುದು ನನ್ನ ಗಂಡ, ಅಂತ ಜೋರಾಗಿಯೇ ಅಂದುಬಿಟ್ಟೆ. ಸಂಡೇ ಸ್ಕೂಲಿನ ಟೀಚರಮ್ಮನಿಗೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು.

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಯಜಮಾನರ ಬಗ್ಗೆ ಹೇಳಿದರು. ಅವರ ಒಪ್ಪಿಗೆ ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ. ಮಾಸ್ತರರು ಹಾಸಿಗೆ ಹಿಡಿದಾಗ ಟೀಚರಮ್ಮನಿಗೆ ಇವರು ಖಂಡಿತ ಏಳುತ್ತಾರೆ ಅನ್ನುವ ಭಾವನೆ ಬಲವಾಗಿ ಬಂದಿತ್ತಂತೆ. ದೇವರು ನನಗೆ ತಿಳಿಸಿದ್ದಾನೆ ಅಂತ ಮಕ್ಕಳಿಗೆ ಹೇಳಿದರಂತೆ, ಸಭೆಯಲ್ಲಿ ಎದ್ದು ಸಾಕ್ಷಿಯನ್ನೂ ಹೇಳಿದರಂತೆ. ಮಾಸ್ತರರು ಎಂಟನೇ ದಿನ ತೀರಿಕೊಂಡರು. "ಅದು ದೇವರ ಮಾತ ಆಗಿರಲಿಲ್ಲ. ನನ್ನ ಆಸೆ ಆಗಿತ್ತು. ಆಸೆಗೆ ನಾ ದೇವರ ಹೆಸರ ಇಟ್ಟಿದ್ದೆ." ಆಮೇಲೆ ಮೂರು ತಿಂಗಳು ಆರಾಧನೆಗೆ ಹೋಗಲು ಮನಸ್ಸು ಒಪ್ಪಲಿಲ್ಲ, ಕಾಲು ಮಾತ್ರ ಹೋದವು ಅಂದರು. ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಿದ್ದರಂತೆ. ಹಾಡುತ್ತಿರಲಿಲ್ಲ.

ಇಷ್ಟು ಹೇಳಿ ನನ್ನ ಕೈ ಹಿಡಿದುಕೊಂಡು, "ಬೆಳಗಾಗೂತನ ಏನೂ ಸಹಿ ಮಾಡಬ್ಯಾಡ. ಡಾಕ್ಟರ್ ಬರಲಿ, ಕೇಳೂಣು. ಅವರಿಗೆ ಬುದ್ಧಿ ಕೊಟ್ಟಾಂವನೂ ದೇವರ" ಅಂದರು.

ಪ್ರಾರ್ಥನೆ ಮಾಡು ಅಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಆಗ ಅವರೇ 42ನೆಯ ಕೀರ್ತನೆಯನ್ನು ಬಾಯಿಪಾಠ ಹೇಳಿದರು, ಅಲ್ಲಿಂದ ನಿಲ್ಲಿಸದೆ 43ನೆಯದನ್ನೂ ಹೇಳಿದರು. ಯಾಕೆ ಕುಗ್ಗಿ ಹೋಗಿದ್ದೀ ಅಂತ ಕೀರ್ತನೆಗಾರ ತನ್ನ ಮನಸ್ಸನ್ನೇ ಕೇಳುವ ಮಾತು ಆ ಎರಡರಲ್ಲಿ ಸೇರಿ ಮೂರು ಸಲ ಬರುತ್ತೆ. ಮೂರನೇ ಸಲ ಬಂದಾಗ ನಾನು ಅಳಲು ಶುರು ಮಾಡಿದೆ. ಅವನ ಮನಸ್ಸೂ ಒಂದೇ ಸಲಕ್ಕೆ ಕೇಳಲಿಲ್ಲ ಅಲ್ವಾ? ಮತ್ತೆ ಮತ್ತೆ ಹೇಳಬೇಕಾಯಿತು. ಅವನು ಮನಸ್ಸಿನ ಬಾಯಿ ಮುಚ್ಚಿಸಲಿಲ್ಲ, ಅದು ಹೇಳಿದ ಕಡೆ ಹೋಗಲೂ ಇಲ್ಲ. ದೇವರನ್ನು ನಿರೀಕ್ಷಿಸು ಅಂತ ಅದಕ್ಕೇ ತಿರುಗಿ ಹೇಳಿದ.

ನಾಲ್ಕು ಗಂಟೆ ಹೊತ್ತಿಗೆ ಅವರ ತೊಡೆಯ ಮೇಲೆ ತಲೆಯಿಟ್ಟು ನಾನು ಮಲಗಿಬಿಟ್ಟೆ. ಎಚ್ಚರವಾದಾಗ ಆರು ದಾಟಿತ್ತು. ಟೀಚರಮ್ಮ ಹಾಗೇ ಕೂತಿದ್ದರು. ಕಾಲು ಊದಿಕೊಂಡು ಚಪ್ಪಲಿ ಏರುತ್ತಿರಲಿಲ್ಲ. ನೀವು ಮಲಗಲಿಲ್ಲವಾ ಅಂದರೆ, "ಇಬ್ಬರೂ ಮಲಗಿದ್ರ ನರ್ಸ್ ಕರದ್ರ ಯಾರಿಗೆ ಕೇಳತಿತ್ತು?" ಅಂದರು. ಗೆತ್ಸೆಮನೆಯಲ್ಲಿ ಯೇಸುವಿನ ಶಿಷ್ಯರಾದ ಪೇತ್ರನಿಗೆ, ಯಾಕೋಬನಿಗೆ, ಯೋಹಾನನಿಗೆ ಒಂದು ಗಳಿಗೆ ಎಚ್ಚರವಾಗಿರಲು ಆಗಲಿಲ್ಲ. ನನಗಾಗಿ ಒಬ್ಬ ಮುದುಕಿ ಇಡೀ ರಾತ್ರಿ ಎಚ್ಚರವಾಗಿದ್ದರು. ಇದನ್ನು ಬರೆಯುವಾಗಲೂ ಕಣ್ಣು ತುಂಬುತ್ತಿದೆ. ಕರ್ತನೇ, ಅವರಿಗೆ ಆಯುಷ್ಯ ಕೊಡು.

ಬೆಳಗ್ಗೆ ಡಾಕ್ಟರ್ ಬಂದು ಮಾತಾಡಿದರು. ನಾನು ಸಹಿ ಮಾಡಲಿಲ್ಲ. ರಾತ್ರಿಯ ಸಮಾಧಾನ ಎಲ್ಲಿ ಹೋಯಿತೋ ಗೊತ್ತಿಲ್ಲ, ಕೈಕಾಲು ನಡುಗುತ್ತಿತ್ತು. ಹಾಗೆ ನಡುಗುತ್ತಲೇ ಇರಲಿ ಅಂದೆ. ನಂತರದ ಒಂಬತ್ತು ದಿನವೂ ಆ ಭಯ ಹೋಗಲಿಲ್ಲ.

ಇನ್ನೊಂದು ಮಾತು ಬರೆಯದಿದ್ದರೆ ಇದು ಪೂರ್ತಿ ಸತ್ಯವಾಗುವುದಿಲ್ಲ. ಇವರು ಉಳಿದರು, ಅದಕ್ಕೇ ಆ ದಾರಿ ದೇವರದು ಅಂತ ನಾನು ಹೇಳುತ್ತಿಲ್ಲ. ಇವರು ಉಳಿಯದೇ ಹೋಗಿದ್ದರೂ ಆ ಬೆಳಗ್ಗೆ ಅಲ್ಲೇ ಇರುವುದೇ ಸರಿಯಾಗಿತ್ತು. ಟೀಚರಮ್ಮನ ಯಜಮಾನರು ಉಳಿಯಲಿಲ್ಲ. ನನ್ನ ಯಜಮಾನರು ಉಳಿದರು. ಯಾಕೆ ಹೀಗೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಭಾನುವಾರ ಇವರು ಓದುತ್ತಿದ್ದಾಗ ನನ್ನ ಪಕ್ಕ ಟೀಚರಮ್ಮ ಕೂತಿದ್ದರು. ತಲೆ ಎತ್ತಲು ಆಗದೆ ಇದ್ದದ್ದು ಅದಕ್ಕೇ.

ಮನೆಗೆ ಬಂದ ಮೇಲೆ ಎಲ್ಲ ಹಗುರಾಯಿತು ಅಂದುಕೊಂಡಿದ್ದೆ. ಆಗಲಿಲ್ಲ. ಎಷ್ಟೋ ಬೆಳಗ್ಗೆ ಬೈಬಲ್ ತೆರೆಯಲು ಮನಸ್ಸೇ ಬರುತ್ತಿರಲಿಲ್ಲ. ಟೀಚರಮ್ಮನಿಗೆ ಫೋನ್ ಮಾಡಿದರೆ, ಹಾಗಾದರೆ 88ನೆಯ ಕೀರ್ತನೆ ಓದು ಅಂದರು. ಅದು ಕತ್ತಲೆಯಲ್ಲೇ ಮುಗಿಯುತ್ತೆ. ಕೊನೆಗೂ ಬೆಳಕು ಬರುವುದಿಲ್ಲ. ಆದರೂ ಅದು ಪ್ರಾರ್ಥನೆಯೇ, ದೇವರಿಗೇ ಹೇಳಿದ್ದು. ನಾನು ಅದನ್ನೇ ಓದಿ ಬೈಬಲ್ ಮುಚ್ಚಿದ ದಿನಗಳು ಬಹಳ ಇವೆ.

ಮೈದುನನ ಜೊತೆ ಮನೆಯ ಪಾಲಿನ ವಿಷಯಕ್ಕೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಕೃತಜ್ಞತಾ ಕಾಣಿಕೆಯ ಲಕೋಟೆಗೆ ದುಡ್ಡು ಹಾಕುವಾಗ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ಒಂದಾಗು ಅನ್ನುವ ಕರ್ತನ ಮಾತು ನೆನಪಾಯಿತು. ನನಗೆ ಒಂದಿಷ್ಟೂ ಮನಸ್ಸಿರಲಿಲ್ಲ. ಫೋನ್ ಮಾಡಿದೆ. ಮೂರು ನಿಮಿಷವೂ ಮಾತಾಡಲಿಲ್ಲ. ಆದರೆ ಭಾನುವಾರ ಅವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಆರಾಧನೆಗೆ ಬಂದಿದ್ದರು. ಬಂದದ್ದಕ್ಕೆ ಥ್ಯಾಂಕ್ಸ್ ತಮ್ಮಾ, ನೀನು ಇದನ್ನು ಓದುತ್ತೀ ಅಂತ ಗೊತ್ತು.

ಟೀಚರಮ್ಮ ಇದನ್ನು ಓದುವುದಿಲ್ಲ, ಅವರ ಫೋನಿನಲ್ಲಿ ಮಾತು ಮಾತ್ರ ಆಗುತ್ತೆ. ಸಂಜೆ ನಾನೇ ಹೋಗಿ ಓದಿ ಹೇಳುತ್ತೇನೆ. ಆ ರಾತ್ರಿ ತಂದ ಸ್ಟೀಲ್ ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇದೆ. ಖಾಲಿ ಡಬ್ಬಿ ವಾಪಸ್ ಕೊಡಬಾರದಲ್ಲ, ಬೆಳಗ್ಗೆ ಎದ್ದು ಶೇಂಗಾ ಹೋಳಿಗೆ ಮಾಡಿದ್ದೇನೆ. ಇವರೂ ನಡೆದುಕೊಂಡೇ ಜೊತೆಗೆ ಬರುತ್ತೇನೆ ಅಂದಿದ್ದಾರೆ.