ಇಬ್ಬರು ಗೌಡರ ನಡುವಿನ ಹೊಲ

ದೋಹಾ, 10-10-2025

ತೀರ್ಥರೂಪ ಅಪ್ಪನವರಿಗೆ ಶರಣು ಶರಣಾರ್ಥಿ. ನಾನು ಆರಾಮ ಇದ್ದೇನೆ. ಅವ್ವನ ಮೊಣಕಾಲು ನೋವು ಹೇಗಿದೆ? ತೊಗರಿಯಲ್ಲಿ ನಿಂತ ನೀರು ಇಳಿಯಿತೇ?

ಅವತ್ತು ಫೋನಿನಲ್ಲಿ ನೀವಂದ ಮಾತು ಮನಸ್ಸಿನಲ್ಲೇ ಉಳಿದಿದೆ. "ಆ ಕತಾರ್ ದೇಶ ಎಲ್ಲರ ಕೂಡ ದೋಸ್ತಿ ಮಾಡ್ತದ, ಅದಕ್ಕೇ ಎಲ್ಲರ ಕೈಲಿ ಪೆಟ್ಟು ತಿಂತದ. ಸುಮ್ನ ಭಾಲ್ಕಿಗಿ ಬಂದುಬಿಡು" ಅಂದಿರಿ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಈ ಕಾಗದ.

ಕತಾರಿಗೆ ನೆಲದ ಗಡಿ ಇರುವುದು ಸೌದಿಯೊಂದರ ಜೊತೆ. ಅನ್ನ ಹಾಕುವ ಗ್ಯಾಸು ಸಮುದ್ರದ ತಳದಲ್ಲಿದೆ, ಆ ನಿಕ್ಷೇಪದ ಇನ್ನೊಂದು ಪಾಲು ಇರಾನಿನದು. ಸೌದಿಗೂ ಇರಾನಿಗೂ ಬಹುಕಾಲದ ವೈರ. ಇದರ ಮೇಲೆ ಇರಾನಿಗೆ ಕಂಡರಾಗದ ಅಮೆರಿಕದ ದೊಡ್ಡ ವಾಯುನೆಲೆ, ಅಲ್ ಉದೈದ್, ಇಲ್ಲೇ ಇದೆ. ನನಗೆ ನಮ್ಮ ನಾಲ್ಕೆಕರೆ ನೆನಪಾಗುತ್ತದೆ. ಬಂಡಿದಾರಿ ಮೇಲಿನ ಗೌಡರ ಹೊಲದೊಳಗಿಂದ, ನೀರು ಕೆಳಗಿನ ಗೌಡರ ಬಾವಿಯಿಂದ. ಅವರಿಬ್ಬರೂ ಕೋರ್ಟು ಹತ್ತಿದ ವರ್ಷ ನೀವು ಎರಡೂ ಮನೆಯ ಮದುವೆಗೆ ಹೋಗಿ ಆಯಾರ ಮಾಡಿ ಬಂದಿರಿ. ಕತಾರ್ ಇನ್ನೂ ಮುಂದೆ ಹೋಗಿ, ಮಾತು ಬಿಟ್ಟವರನ್ನು ತನ್ನ ಕಟ್ಟೆಯ ಮೇಲೆ ಕೂಡಿಸುತ್ತದೆ. ಅಮೆರಿಕ ಮತ್ತು ಅಫ್ಘಾನಿಸ್ತಾನದ ತಾಲಿಬಾನ್ 2020ರ ಫೆಬ್ರವರಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ್ದು ಇದೇ ದೋಹಾದಲ್ಲಿ.

2017ರ ಜೂನ್ 5 ನನಗೆ ಮರೆಯುವುದಿಲ್ಲ. ರಂಜಾನ್ ನಡೆದಿತ್ತು. ಸೌದಿ, ಎಮಿರೇಟ್ಸ್, ಬಹರೈನ್, ಈಜಿಪ್ಟ್ ನಾಲ್ಕೂ ಒಂದೇ ದಿನ ಕತಾರಿನ ಸಂಬಂಧ ಕಡಿದುಕೊಂಡವು. ಗಡಿ ಮುಚ್ಚಿತು. ನಾನಾಗ ಸೂಪರ್ ಮಾರ್ಕೆಟಿನಲ್ಲಿ ಹಾಲಿನ ಕಪಾಟು ತುಂಬುತ್ತಿದ್ದೆ. ಹಾಲು ಬರುತ್ತಿದ್ದುದು ಹೆಚ್ಚಾಗಿ ಸೌದಿ ಲಾರಿಗಳಲ್ಲೇ. ಸಂಜೆಯೊಳಗೆ ಕಪಾಟಿನ ಬಿಳಿ ತಗಡಷ್ಟೇ ಉಳಿದಿತ್ತು. ಮಗುವನ್ನು ಕಂಕುಳಲ್ಲಿಟ್ಟುಕೊಂಡ ಹೆಂಗಸೊಬ್ಬಳು ಖಾಲಿ ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದಳು, ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಕೆಲವೇ ದಿನಗಳಲ್ಲಿ ಟರ್ಕಿಯ ಹಾಲು ವಿಮಾನದಲ್ಲಿ ಬಂತು. ಪ್ಯಾಕೆಟ್ ಮೇಲೆ 'ಸ್ಯುತ್' ಅಂತಿತ್ತು, ಹಾಗಂದರೆ ಹಾಲು ಅಂತ ಯಾರಿಗೆ ಗೊತ್ತು? ಅರಬ್ಬಿಯಲ್ಲಿ ಬರೆದ ಚೀಟಿ ಅಂಟಿಸುತ್ತ ರಾತ್ರಿಯೆಲ್ಲ ಕೂತೆವು. ಇರಾನ್ ಕಾಯಿಪಲ್ಲೆ ಕಳಿಸಿತು, ವಿಮಾನಗಳಿಗೆ ತನ್ನ ಆಕಾಶ ಬಿಟ್ಟುಕೊಟ್ಟಿತು. ಜುಲೈಯಲ್ಲಿ ಜರ್ಮನಿಯ ಆಕಳುಗಳು ವಿಮಾನದಲ್ಲೇ ಇಳಿದವು. ಆ ನಾಲ್ವರು 13 ಬೇಡಿಕೆ ಇಟ್ಟರು: ನಿಮ್ಮ ಅಲ್ ಜಜೀರಾ ಟಿವಿ ಮುಚ್ಚಿ, ಟರ್ಕಿಯ ಸೇನಾ ನೆಲೆ ತೆಗೆಯಿರಿ, ಇರಾನಿನಿಂದ ದೂರ ಇರಿ... ಕತಾರ್ ಒಪ್ಪಲಿಲ್ಲ. ಆದರೆ ಪೈಪಿನಲ್ಲಿ ಎಮಿರೇಟ್ಸಿಗೆ ಹೋಗುತ್ತಿದ್ದ ಗ್ಯಾಸನ್ನೂ ನಿಲ್ಲಿಸಲಿಲ್ಲ. ದಿಗ್ಬಂಧನ ಹಾಕಿದವರ ಮನೆಯ ದೀಪ ಇವರ ಗ್ಯಾಸಿನಿಂದಲೇ ಉರಿಯಿತು. ಹಟವೂ ಬಿಡದೆ ಹಗ್ಗವೂ ಹರಿಯದೆ ನಡೆದುಕೊಂಡ ಆ ರೀತಿ ನನಗೆ ಬಹಳ ಹಿಡಿಸಿತು. 2021ರ ಜನವರಿಯಲ್ಲಿ ರಾಜಿಯಾಯಿತು.

ನಿಮ್ಮ ಮಾತೂ ಸುಳ್ಳಲ್ಲ. ಈ ಜೂನ್ 23ರ ರಾತ್ರಿ ಇರಾನ್ ಅಲ್ ಉದೈದ್ ಮೇಲೆ ಕ್ಷಿಪಣಿ ಬಿಟ್ಟಾಗ ನಮ್ಮ ರೂಮಿನ ಕಿಟಕಿ ಗಡಗಡ ಅಂದಿತು. ಸೆಪ್ಟೆಂಬರ್ 9ರಂದು ಇಸ್ರೇಲ್, ಇದೇ ಊರಿನಲ್ಲಿದ್ದ, ಪ್ಯಾಲೆಸ್ತೀನಿನ ಹಮಾಸ್ ಸಂಘಟನೆಯ ನಾಯಕರನ್ನು ಗುರಿಮಾಡಿ ಬಾಂಬು ಹಾಕಿತು. ಅಮೆರಿಕದ ಸೈನ್ಯ ಮನೆಯೊಳಗೇ ಇದ್ದೂ ತಪ್ಪಲಿಲ್ಲ. ಎಲ್ಲರಿಗೂ ಬೇಕಾದವನಾದರೆ ಯಾರೂ ಮುಟ್ಟುವುದಿಲ್ಲ ಅಂತ ನಾನೂ ನಂಬಿದ್ದೆ, ಅವತ್ತು ಆ ನಂಬಿಕೆ ಹೋಯಿತು. ನೀವು ಬೀದರ್ ಕೋಟೆ ತೋರಿಸಿದ್ದು ನೆನಪಾಯಿತು. ಬೀದರ್ ಆಳಿದ ಬರೀದ್ ಶಾಹಿಗಳು ದೊಡ್ಡ ಸುಲ್ತಾನರ ನಡುವೆ ಅಷ್ಟು ಕಾಲ ತೂಗಿಕೊಂಡು ಬಂದರೂ 1619ರಲ್ಲಿ ಬಿಜಾಪುರ ಅವರನ್ನು ನುಂಗಿಯೇಬಿಟ್ಟಿತು.

ಹಾಗಂತ ಒಬ್ಬರ ಅಂಗಳದಲ್ಲೇ ಹೋಗಿ ಕೂತರೆ ಪಾರು ಅಂತ ನನಗನ್ನಿಸುವುದಿಲ್ಲ, ಅಪ್ಪಾ. 2017ರಲ್ಲಿ ಕತಾರಿಗೆ ಸೌದಿಯೊಂದೇ ದಿಕ್ಕಾಗಿದ್ದರೆ ತಿಂಗಳೊಪ್ಪತ್ತಿನಲ್ಲಿ ತಲೆಬಾಗಬೇಕಿತ್ತು. ಟರ್ಕಿ, ಇರಾನ್ ಇದ್ದರು, ಸ್ವಂತ ಬಂದರು ಸಿದ್ಧವಾಗಿತ್ತು. ಈಗ ನನ್ನ ಕಪಾಟಿನಲ್ಲಿ ಇಲ್ಲಿಯದೇ ಹಾಲು ಇದೆ.

ನಾನು ಇನ್ನೆರಡು ವರ್ಷ ಇಲ್ಲೇ ಇರುತ್ತೇನೆ. ಈ ತಿಂಗಳ ದುಡ್ಡಿನ ಜೊತೆ ಬೋರ್‌ವೆಲ್‌ಗೆಂದು ಬೇರೆ ಹಾಕಿದ್ದೇನೆ. ನೀರು ನೋಡುವವರನ್ನು ಕರೆಸಿರಿ. ಅದಕ್ಕೂ ಮೊದಲು ಕೆಳಗಿನ ಗೌಡರ ಮನೆಗೆ ನೀವೇ ಹೋಗಿ ವಿಷಯ ತಿಳಿಸಿ ಬನ್ನಿ, ಬೇರೆಯವರ ಬಾಯಿಂದ ಕೇಳುವುದು ಬೇಡ. ಅವರ ಮೊಮ್ಮಗಳ ಮದುವೆಗೆ ಆಯಾರದ ಸೀರೆ ನಾನೇ ತರುತ್ತೇನೆ.

ಇಂತಿ ನಿಮ್ಮ ಮಗ