ಊಟಕ್ಕೆ ಚೀಟಿ ಬೇಡ, ರಾತ್ರಿ ಉಳಿಸಿಕೊಂಡರೆ ಬೇಕು

ಮಾನ್ಯ ಸಂಪಾದಕರೇ,

ಗುರುತಿನ ಚೀಟಿಯಿಲ್ಲದ ಪರಸ್ಥಳದವರಿಗೆ ದೇವಸ್ಥಾನ, ಮಸೀದಿ, ಇಗರ್ಜಿಗಳು ಆಸರೆ ಕೊಡುವುದೇ ತಪ್ಪು ಎಂಬ ಮಾತು ಕಾರವಾರದಲ್ಲಿ ಆಗಾಗ ಏಳುತ್ತದೆ. ನೌಕಾನೆಲೆಯೂ ಕೈಗಾ ಅಣುಸ್ಥಾವರವೂ ಪಕ್ಕದಲ್ಲೇ ಇರುವಾಗ ಈ ಅಳುಕು ಸಹಜವೇ. ಆದರೆ ಹಸಿದವರಿಗೆ ಊಟ ಬಡಿಸಲು ಯಾವ ಕಾನೂನೂ ಆಧಾರ್ ಕೇಳುವುದಿಲ್ಲ. ವಿದೇಶಿಯರನ್ನು ರಾತ್ರಿ ಉಳಿಸಿಕೊಂಡಾಗ ಮಾತ್ರ ಲೆಕ್ಕ ಬೇರೆ.

ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ‘ಕಾಗದವಿಲ್ಲದವರು’ ಎನಿಸಿಕೊಳ್ಳುವ ಬಹಳಷ್ಟು ಮಂದಿ ಒಡಿಶಾ, ಜಾರ್ಖಂಡ್ ಕಡೆಯ ನಮ್ಮದೇ ದೇಶದವರು. ನೇಪಾಳದವರಿಗೆ 1950ರ ಒಪ್ಪಂದದಿಂದಾಗಿ ವೀಸಾ ಬೇಕಿಲ್ಲ. ಇವರನ್ನೆಲ್ಲ ನುಸುಳುಕೋರರೆಂದು ಕರೆಯುವುದು ಬರೀ ಅಜ್ಞಾನ. ಇವರ ಗುರುತಿನ ಚೀಟಿ ಬೋಟಿನ ಮಾಲೀಕರ ಬಳಿ ಇದ್ದರೆ ಬಿಡಿಸಿಕೊಡಿ. ಆಶ್ರಯ ಕೊಟ್ಟವರು ಝೆರಾಕ್ಸ್ ಇಟ್ಟುಕೊಳ್ಳಲಿ, ಮೂಲ ಬೇಡ.

ನಿಜವಾದ ತೊಡಕು ಗೋಕರ್ಣದಂಥ ಕಡೆ, ವೀಸಾ ಮುಗಿದವರದ್ದು. ತಂಗಿದ ವಿದೇಶಿಯರ ಬಗ್ಗೆ ‘ಸಿ ಫಾರ್ಮ್’ ಎಂದೇ ರೂಢಿಯಲ್ಲಿರುವ ಮಾಹಿತಿಯನ್ನು ಹೋಟೆಲಿನವರಷ್ಟೇ ಅಲ್ಲ, ಧರ್ಮಶಾಲೆ, ಆಶ್ರಮ, ಮನೆಯವರೂ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು: ಪಾಸ್‌ಪೋರ್ಟ್, ವೀಸಾ ಸಂಖ್ಯೆ, ಭಾರತಕ್ಕೆ ಬಂದ ದಿನ, ಫೋಟೊ. ವೀಸಾ ಮುಗಿದಿದೆ ಎಂದು ಗೊತ್ತಾದೊಡನೆ ಹೆದರಿ ಏನೂ ತುಂಬದೆ ಬಿಟ್ಟರೆ, ಆಸರೆ ಕೊಟ್ಟವರೇ ಬಚ್ಚಿಟ್ಟವರಾಗುತ್ತಾರೆ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ಅವಧಿ ಮೀರಿ ಉಳಿದವರಿಗೆ 3 ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ ಇದೆ. ಆದ್ದರಿಂದ ಮೊದಲ ದಿನವೇ ವಕೀಲರು ಬೇಕು; ಉಚಿತ ಕಾನೂನು ನೆರವಿಗೆ 15100. ಪಾಸ್‌ಪೋರ್ಟ್ ಕಳೆದಿದ್ದರೆ ಮೊದಲು ಪೊಲೀಸ್ ದೂರು, ಅದರ ಪ್ರತಿ ಹಿಡಿದು ರಾಯಭಾರ ಕಚೇರಿಯಿಂದ ತುರ್ತು ಪ್ರಯಾಣಪತ್ರ, ಆಮೇಲೆ ದೇಶ ಬಿಡಲು ವಿದೇಶಿಯರ ನೋಂದಣಿ ಕಚೇರಿಯ ಪರವಾನಗಿ. ಮಗು ಇಲ್ಲೇ ಹುಟ್ಟಿದ್ದರೆ 21 ದಿನದೊಳಗೆ ಜನನ ನೋಂದಣಿ ಮಾಡಿಸಿ. ವರ್ಷ ದಾಟಿತೋ, ಮ್ಯಾಜಿಸ್ಟ್ರೇಟರ ಆದೇಶಕ್ಕೆ ಅಲೆದಾಟ ತಪ್ಪದು. ತಾಯ್ನಾಡಿಗೆ ಮರಳಿದರೆ ಜೀವಕ್ಕೆ ಅಪಾಯ ಎನ್ನುವವರ ದಾರಿಯೇ ಬೇರೆ. ಅವರನ್ನು ಈ ಕ್ರಮಕ್ಕೆ ದೂಡಬೇಡಿ, ವಕೀಲರ ಬಳಿ ಕಳಿಸಿ.

ಅನ್ನ, ಚಾಪೆಗಿಂತ ಹೆಚ್ಚಾಗಿ ನಾವು ಸೋಲುವುದು ಔಷಧದಲ್ಲಿ. ಬೋಟಿನ ಹುಡುಗರಿಗೆ ಚಳಿಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸುವುದು ಸಾಲದು. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಉಚಿತ. ವೈವಾಕ್ಸ್ ಮಲೇರಿಯಾ ಎಂದಾದರೆ ಸಾಮಾನ್ಯವಾಗಿ ಕ್ಲೋರೊಕ್ವಿನ್ 3 ದಿನ, ಪ್ರೈಮಾಕ್ವಿನ್ 14 ದಿನ. ಆದರೆ ಆಗುವುದೇನು? ಜ್ವರ ಇಳಿದ ಮಾರನೇ ದಿನ ಹುಡುಗ ಬೋಟು ಹತ್ತುತ್ತಾನೆ, ಉಳಿದ ಮಾತ್ರೆ ಕೋಣೆಯ ಮೊಳೆಗೆ ನೇತುಹಾಕಿದ ಚೀಲದಲ್ಲೇ ಇರುತ್ತದೆ. ಯಕೃತ್ತಿನಲ್ಲಿ ಅಡಗಿದ ರೋಗಾಣು ಕೆಲವು ತಿಂಗಳ ಬಳಿಕ ಮತ್ತೆ ಏಳುತ್ತದೆ. ಮಾತ್ರೆಯನ್ನು ಬೋಟು ನಡೆಸುವ ತಾಂಡೇಲರ ಕೈಗೇ ಕೊಟ್ಟು, ಯಾವ ದಿನಕ್ಕೆ ಎಷ್ಟು ಎಂದು ಹಾಳೆಯಲ್ಲಿ ಗೀಟು ಹಾಕಿ ಕೊಡಿ. ಮೂತ್ರ ಕಪ್ಪಗಾದರೆ ಮಾತ್ರೆ ನಿಲ್ಲಿಸಿ ತಕ್ಷಣ ವೈದ್ಯರಲ್ಲಿಗೆ.

ಜೂನ್ 1ರಿಂದ 61 ದಿನ ಮೀನುಗಾರಿಕೆ ನಿಷೇಧದಿಂದ ಬೋಟುಗಳು ನಿಂತಾಗ ಊರಿಗೆ ಹೋಗಲು ಕಾಸಿಲ್ಲದವರು ನಮ್ಮ ಜಗಲಿಗಳಿಗೇ ಬರುತ್ತಾರೆ. ಅಷ್ಟರೊಳಗೆ ಪೊಲೀಸ್ ಇಲಾಖೆ ಪ್ರತಿ ದೇವಸ್ಥಾನ, ಮಸೀದಿ, ಇಗರ್ಜಿಯಿಂದ ಒಬ್ಬೊಬ್ಬರನ್ನು ಕರೆದು ಸಿ ಫಾರ್ಮ್ ತುಂಬುವುದನ್ನು ಅರ್ಧ ದಿನ ಕಲಿಸಲಿ.

— ಅನ್ನದಾನ ಸೇವಾ ಕಾರ್ಯಕರ್ತರು, ಕಾರವಾರ